ಹುಲ್ಲಿನ ಎಲೆ ಕುಯ್ದು ಸಿ3ನಾ ಸಿ4ನಾ ಅಂತ ಗುರುತಿಸೋದು ಹೇಗೆ, ಅದರ ವಿಕಾಸದ ಕತೆ ಓದೋದು ಹೇಗೆ

ಪಿಯುಸಿ ಬಯಾಲಜಿ ಓದಿದವರಿಗೆಲ್ಲ ಒಂದು ಸಾಲು ಬಾಯಿಪಾಠ ಇರುತ್ತದೆ. ಭತ್ತ, ಗೋಧಿ ಸಿ3. ಮೆಕ್ಕೆಜೋಳ, ಕಬ್ಬು ಸಿ4. ಗಾಳಿಯ ಇಂಗಾಲ ಹಿಡಿದು ಸಕ್ಕರೆ ಮಾಡುವ ಎರಡು ಬಗೆಗಳ ಹೆಸರು ಇವು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಬದುವಿನಿಂದ ಒಂದು ಹುಲ್ಲು ಕಿತ್ತು ತಂದು ಇದು ಯಾವುದು ಹೇಳಿ ಅಂತ ಯಾರಾದರೂ ಕೇಳಿದರೆ? ಹೇಳಬಹುದು, ಅದೇನು ದೊಡ್ಡ ಲ್ಯಾಬಿನ ಕೆಲಸ ಅಲ್ಲ. ಹೊಸ ಶೇವಿಂಗ್ ಬ್ಲೇಡು, ಒಂದು ಕ್ಯಾರೆಟ್, ಶಾಲೆಯಲ್ಲಿ ಇರುವಂಥ ಸಾಧಾರಣ ಮೈಕ್ರೋಸ್ಕೋಪು ಇದ್ದರೆ ಆಯಿತು. ಎಲೆಯ ಒಳಗಿನ ಜೋಡಣೆಯಲ್ಲೇ ಉತ್ತರ ಇದೆ. ಆ ಜೋಡಣೆ ಒಮ್ಮೆ ಕಣ್ಣಿಗೆ ಬಿದ್ದರೆ ಸುಮಾರು ಮೂರು ಕೋಟಿ ವರ್ಷಗಳ ಕತೆಯನ್ನೂ ಅಲ್ಲಿಂದಲೇ ಓದಬಹುದು.

ಎಲ್ಲಕ್ಕಿಂತ ಮೊದಲು ತಾಪತ್ರಯ ಎಲ್ಲಿದೆ ಅಂತ ತಿಳಿದುಕೊಳ್ಳಿ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆ ಮಾಡುವ ಕೆಲಸ ಶುರು ಮಾಡುವುದು ರೂಬಿಸ್ಕೋ ಅನ್ನುವ ಕಿಣ್ವ. ಬಹಳ ಹಳೆಯ ಕಿಣ್ವ. ಅದು ಹುಟ್ಟಿದ ಕಾಲದಲ್ಲಿ ಗಾಳಿಯಲ್ಲಿ ಆಮ್ಲಜನಕ ಇರಲೇ ಇಲ್ಲ ಅನ್ನುವಷ್ಟು ಕಮ್ಮಿ ಇತ್ತು, ಹಾಗಾಗಿ ಎರಡರ ನಡುವೆ ವ್ಯತ್ಯಾಸ ಮಾಡುವ ಜರೂರತ್ತೇ ಅದಕ್ಕೆ ಬಂದಿರಲಿಲ್ಲ. ಈಗ ಗಾಳಿಯ ತುಂಬ ಆಮ್ಲಜನಕ. ಕಣ್ಣು ಮಂಜಾದ ಅಡುಗೆಯವರು ಸಕ್ಕರೆ ಅಂದುಕೊಂಡು ಉಪ್ಪಿನ ಡಬ್ಬಕ್ಕೆ ಕೈ ಹಾಕಿದ ಹಾಗೆ, ರೂಬಿಸ್ಕೋ ಆಗಾಗ ಆಮ್ಲಜನಕವನ್ನು ಹಿಡಿದುಬಿಡುತ್ತದೆ. ಆಗ ಬೇಡದ ಪದಾರ್ಥ ಹುಟ್ಟುತ್ತದೆ, ಅದನ್ನು ಸರಿಮಾಡಲು ಗಿಡ ಶಕ್ತಿ ಸುಡಬೇಕು, ಹಿಡಿದಿದ್ದ ಇಂಗಾಲದಲ್ಲೂ ಒಂದಿಷ್ಟು ಗಾಳಿಗೆ ವಾಪಸ್ ಹೋಗುತ್ತದೆ. ಇದಕ್ಕೆ ಫೋಟೋರೆಸ್ಪಿರೇಶನ್ ಅನ್ನುತ್ತಾರೆ. ಬಿಸಿಲು ಏರಿದಷ್ಟೂ ಈ ನಷ್ಟ ಜಾಸ್ತಿ. ಸುಡುಬಿಸಿಲಿನ ದಿನ ಸಿ3 ಗಿಡ ಹಿಡಿದ ಇಂಗಾಲದ ಕಾಲು ಭಾಗದಷ್ಟು ಹೀಗೇ ಸೋರಿಹೋಗಬಹುದು.

ಸಿ4 ಹುಲ್ಲು ಇದಕ್ಕೆ ಕಂಡುಕೊಂಡ ದಾರಿ ಸರಳ, ಖರ್ಚು ಮಾತ್ರ ಜಾಸ್ತಿ. ಹೊರಗಿನ ಕೋಶಗಳಲ್ಲಿ (ಮೀಸೋಫಿಲ್) ಪೆಪ್ ಕಾರ್ಬಾಕ್ಸಿಲೇಸ್ ಅನ್ನುವ ಬೇರೆ ಕಿಣ್ವ ಇಂಗಾಲ ಹಿಡಿಯುತ್ತದೆ. ಅದಕ್ಕೆ ಆಮ್ಲಜನಕದ ಗೊಂದಲ ಇಲ್ಲವೇ ಇಲ್ಲ. ಹಿಡಿದದ್ದು ನಾಲ್ಕು ಇಂಗಾಲದ ಆಮ್ಲವಾಗುತ್ತದೆ, ಸಿ4 ಅನ್ನುವ ಹೆಸರು ಬಂದದ್ದು ಅದರಿಂದ. ಆ ಆಮ್ಲ ಒಳಗೆ, ನರದ ಸುತ್ತ ಒತ್ತಾಗಿ ಕೂತ ದಪ್ಪ ಕೋಶಗಳಿಗೆ ಹೋಗಿ ಅಲ್ಲಿ ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಡುತ್ತದೆ. ಆ ಕೋಶಗಳ ಸುತ್ತಿಗೆ ಬಂಡಲ್ ಶೀತ್ ಅಂತ ಹೆಸರು. ರೂಬಿಸ್ಕೋ ಇರುವುದು ಅಲ್ಲಿ ಮಾತ್ರ. ಸುತ್ತ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಹತ್ತು ಪಟ್ಟಿನಷ್ಟು ತುಂಬಿರುವಾಗ ಅದು ತಪ್ಪು ಮಾಡುವುದು ಅಪರೂಪ. ಇದರ ಜತೆಗೆ ಎಲೆಯ ರಂಧ್ರಗಳನ್ನು ಅಗಲ ತೆರೆದಿಡಬೇಕಾಗಿಲ್ಲವಲ್ಲ, ನೀರೂ ಉಳಿಯುತ್ತದೆ.

ನಿಮ್ಮ ಕೆಲಸ ಇಷ್ಟೇ: ಆ ಎರಡು ಬಗೆಯ ಕೋಶಗಳು ಇವೆಯಾ, ಹೇಗೆ ಕೂತಿವೆ ಅಂತ ನೋಡುವುದು.

ಎಲೆ ಕುಯ್ಯೋದು

ಶುರುವಿಗೆ ಮೆಕ್ಕೆಜೋಳ ಮತ್ತು ಭತ್ತದ ಎಲೆ ತನ್ನಿ. ಉತ್ತರ ಗೊತ್ತಿರುವ ಎರಡನ್ನು ಮೊದಲು ನೋಡಿದರೆ ಆಮೇಲೆ ಗೊತ್ತಿಲ್ಲದ್ದನ್ನು ನೋಡುವಾಗ ಕಣ್ಣು ಪಳಗಿರುತ್ತದೆ. ಪೂರ್ತಿ ಬಿಚ್ಚಿಕೊಂಡ, ಬಲಿತ ಎಲೆ ಬೇಕು. ಸುಳಿಯಲ್ಲಿರುವ ಎಳೆಯ ಎಲೆ ಬೇಡ, ಒಣಗುತ್ತಿರುವ ತಳದ ಎಲೆಯೂ ಬೇಡ. ಎಲೆಯ ಉದ್ದದಲ್ಲಿ ನಡುಭಾಗ, ಅಗಲದಲ್ಲಿ ನಡುದಿಂಡಿಗೂ ಅಂಚಿಗೂ ಮಧ್ಯದ ಜಾಗ. ದಿಂಡಿನ ಹತ್ತಿರ ಬಣ್ಣವಿಲ್ಲದ ದೊಡ್ಡ ಕೋಶಗಳು ತುಂಬಿರುತ್ತವೆ, ಅಲ್ಲಿ ನೋಡಿದರೆ ಏನೂ ತಿಳಿಯುವುದಿಲ್ಲ.

ಒಂದು ಸೆಂಟಿಮೀಟರಿನಷ್ಟು ತುಂಡು ಕತ್ತರಿಸಿ. ಕ್ಯಾರೆಟ್ಟಿನ ತುಂಡಿಗೆ ಉದ್ದಕ್ಕೆ ಸೀಳು ಹಾಕಿ, ಎಲೆಯನ್ನು ಅದರಲ್ಲಿ ಸಿಕ್ಕಿಸಿ, ನರಗಳು ನೆಟ್ಟಗೆ ನಿಲ್ಲುವ ಹಾಗೆ ಹಿಡಿಯಿರಿ. ಬ್ಲೇಡು ಮತ್ತು ಕ್ಯಾರೆಟ್ ಎರಡನ್ನೂ ನೀರಲ್ಲಿ ಒದ್ದೆ ಮಾಡಿ. ಬ್ಲೇಡನ್ನು ಒತ್ತಬೇಡಿ, ನಿಮ್ಮ ಕಡೆಗೆ ಎಳೆಯಿರಿ, ಒಂದೇ ಎಳೆತಕ್ಕೆ ಒಂದು ಚೂರು ಬರಬೇಕು. ಇಪ್ಪತ್ತು ಮೂವತ್ತು ಚೂರು ಕುಯ್ದು ಬಟ್ಟಲಿನ ನೀರಿಗೆ ಬಿಡಿ, ಅದರಲ್ಲಿ ಕಣ್ಣಿಗೆ ಕಂಡೂ ಕಾಣದ ಹಾಗಿರುವ ತೆಳ್ಳನೆಯದನ್ನು ಮಾತ್ರ ಬ್ರಶ್ಶಿನಿಂದ ಎತ್ತಿ ಸ್ಲೈಡಿಗೆ ಹಾಕಿ. ಓರೆಯಾಗಿ ಕುಯ್ದ ಚೂರು ಬೇಡ, ಕೋಶದ ಲೆಕ್ಕ ತಪ್ಪುತ್ತದೆ. ಬ್ಲೇಡು ಹಳತಾದರೆ ಎಲೆ ಹರಿಯುತ್ತದೆ, ಪಿಸುಕಿ ಹಸಿರು ರಸ ಬರುತ್ತದೆ, ಆಗ ಸುಮ್ನೆ ಹೊಸ ಬ್ಲೇಡು ತೆಗೆದುಕೊಳ್ಳಿ. ಬೆರಳು ಜೋಪಾನ. ಮಕ್ಕಳು ಮಾಡುತ್ತಿದ್ದರೆ ಕುಯ್ಯುವ ಕೆಲಸ ದೊಡ್ಡವರೇ ಮಾಡಿ.

10 ಎಕ್ಸ್ ಲೆನ್ಸ್ ಸಾಕು, 40 ಎಕ್ಸ್ ಇದ್ದರೆ ಇನ್ನೂ ಚೆನ್ನ. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ತಂಡದ ಕಾಗದದ ಮೈಕ್ರೋಸ್ಕೋಪು ಫೋಲ್ಡ್‌ಸ್ಕೋಪ್ ಇದ್ದರೆ ಅದರಲ್ಲೂ ನಡೆಯುತ್ತದೆ, ಚೂರು ತೆಳ್ಳಗಿರಬೇಕು ಅಷ್ಟೆ. ಬಣ್ಣ ಹಾಕಬೇಡಿ. ಇಲ್ಲಿ ಎಲೆಯ ಹಸಿರೇ ನಿಮಗೆ ಬೇಕಾದ ಗುರುತು.

ಏನನ್ನು ನೋಡಬೇಕು

ಮೆಕ್ಕೆಜೋಳದಲ್ಲಿ ಸಾಲಾಗಿ ಗುಂಡು ಗುಂಡು ನರಗಳು ಕಾಣುತ್ತವೆ, ಪ್ರತಿ ನರದ ಸುತ್ತ ದಪ್ಪ ಕೋಶಗಳ ಒಂದು ಉಂಗುರ, ಆ ಉಂಗುರದ ಹಸಿರು ಉಳಿದ ಎಲ್ಲದಕ್ಕಿಂತ ಗಾಢ. ಉಂಗುರದ ಹೊರಗೆ ಮೀಸೋಫಿಲ್ ಕೋಶಗಳು ಇನ್ನೊಂದು ಸುತ್ತು ಕೂತಿರುತ್ತವೆ. ಇದೇ ಕ್ರಾಂಟ್ಸ್ ರಚನೆ. ಆಸ್ಟ್ರಿಯಾದ ಸಸ್ಯವಿಜ್ಞಾನಿ ಗಾಟ್‌ಲೀಬ್ ಹೇಬರ್‌ಲಾಂಟ್ 19ನೇ ಶತಮಾನದ ಕೊನೆಯಲ್ಲೇ ಇದನ್ನು ಬರೆದಿಟ್ಟಿದ್ದರು. ಇದು ಯಾತಕ್ಕೆ ಅಂತ ಗೊತ್ತಾಗಲು 1960ರ ದಶಕ ಬರಬೇಕಾಯಿತು. ಹವಾಯಿಯ ಕಬ್ಬು ಬೆಳೆಗಾರರ ಸಂಶೋಧನಾ ಕೇಂದ್ರದಲ್ಲಿ ಕಾರ್ಚಾಕ್ ಮತ್ತು ಜತೆಗಾರರು, ರಷ್ಯಾದಲ್ಲಿ ಕಾರ್ಪಿಲೋವ್, ಕಬ್ಬು ಮತ್ತು ಮೆಕ್ಕೆಜೋಳದ ಎಲೆ ಮೊದಲು ಮಾಡುವುದು ನಾಲ್ಕು ಇಂಗಾಲದ ಪದಾರ್ಥ ಅಂತ ಕಂಡರು. ಬ್ರಿಸ್ಬೇನಿನ ಸಕ್ಕರೆ ಕಂಪನಿಯೊಂದರ ಲ್ಯಾಬಿನಲ್ಲಿದ್ದ ಹ್ಯಾಚ್ ಮತ್ತು ಸ್ಲ್ಯಾಕ್ 1966ರಿಂದ ಅದರ ದಾರಿ ಬಿಡಿಸುತ್ತ ಹೋದರು. ಸಕ್ಕರೆಯ ದುಡ್ಡು ಈ ಕತೆಯಲ್ಲಿ ಎಲ್ಲ ಕಡೆ ಕಾಣುತ್ತದೆ, ಇರಲಿ.

ಈಗ ಎಣಿಸಿ. ಒಂದು ನರದ ಉಂಗುರದಿಂದ ಪಕ್ಕದ ನರದ ಉಂಗುರದವರೆಗೆ ಅಡ್ಡಕ್ಕೆ ಎಷ್ಟು ಮೀಸೋಫಿಲ್ ಕೋಶ ಇವೆ? ಮೆಕ್ಕೆಜೋಳದಲ್ಲಿ ಸಾಮಾನ್ಯವಾಗಿ ಎರಡೇ. ಎರಡರಿಂದ ನಾಲ್ಕು ಬಂದರೆ ಸಿ4 ಅಂತ ಧೈರ್ಯವಾಗಿ ಹೇಳಬಹುದು, ಯಾಕೆಂದರೆ ಸಿ4 ಕೆಲಸ ಮಾಡಬೇಕಾದರೆ ಯಾವ ಮೀಸೋಫಿಲ್ ಕೋಶವೂ ಉಂಗುರದಿಂದ ಒಂದು ಕೋಶಕ್ಕಿಂತ ದೂರ ಇರುವ ಹಾಗಿಲ್ಲ. ನಾಲ್ಕಕ್ಕಿಂತ ಜಾಸ್ತಿ ಬಂದರೆ ಸಿ3. ಭತ್ತದ ಚೂರನ್ನು ಈಗ ಹಾಕಿ ನೋಡಿ. ನರಗಳ ನಡುವೆ ಜಾಗ ಜಾಸ್ತಿ, ಎಲ್ಲ ಮೀಸೋಫಿಲ್ ಒಂದೇ ಸಮ ಹಸಿರು, ನರದ ಸುತ್ತಲಿನ ಉಂಗುರ ಇದೆ ಆದರೆ ಪೇಲವ, ಬಹುತೇಕ ಖಾಲಿ ಕಾಣುತ್ತದೆ. ಎರಡನ್ನೂ ಪಕ್ಕಪಕ್ಕ ನೋಡಿದವರಿಗೆ ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎಲೆಯ ಮೇಲ್ಭಾಗದಲ್ಲಿ ಬೀಸಣಿಗೆ ಆಕಾರದಲ್ಲಿ ದೊಡ್ಡ, ಬಣ್ಣವಿಲ್ಲದ ಕೋಶಗಳ ಗುಂಪು ಕಂಡರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬಿಸಿಲಲ್ಲಿ ಎಲೆ ಸುರುಳಿ ಸುತ್ತಿಕೊಳ್ಳಲು ಇರುವ ಕೋಶಗಳು ಅವು, ಸಿ3 ಸಿ4 ಎರಡರಲ್ಲೂ ಇರುತ್ತವೆ.

ಇನ್ನು ರಾಗಿಯ ಎಲೆ. ಇದನ್ನು 40 ಎಕ್ಸ್‌ನಲ್ಲೇ ನೋಡಿ. ಉಂಗುರ ಅಷ್ಟೇ ಗಾಢ, ಎಣಿಕೆಯೂ ಸಿ4. ಆದರೆ ಉಂಗುರದ ಒಂದೊಂದು ಕೋಶದ ಒಳಗೆ ಹಸಿರು ಎಲ್ಲಿ ಕೂತಿದೆ ನೋಡಿ. ಮೆಕ್ಕೆಜೋಳ, ಬಿಳಿಜೋಳಗಳಲ್ಲಿ ಕ್ಲೋರೋಪ್ಲಾಸ್ಟುಗಳು (ಕೋಶದೊಳಗಿನ ಹಸಿರು ಕಣಗಳು) ಕೋಶದ ಹೊರಗೋಡೆಗೆ, ಅಂದರೆ ಮೀಸೋಫಿಲ್ ಕಡೆಗೆ ಅಂಟಿಕೊಂಡಿರುತ್ತವೆ. ರಾಗಿಯಲ್ಲಿ ತಿರುವುಮುರುವು: ಎಲ್ಲ ಹಸಿರೂ ಒಳಗೋಡೆಗೆ, ನರದ ಕಡೆಗೆ ಗುಂಪು ಕೂಡಿರುತ್ತದೆ. ಇನ್ನೂ ಒಂದಿದೆ. ರಾಗಿಯಲ್ಲಿ ಹಸಿರು ಉಂಗುರಕ್ಕೂ ನರಕ್ಕೂ ನಡುವೆ ಸಣ್ಣ ಕೋಶಗಳ ಇನ್ನೊಂದು ಒಳಸುತ್ತು ಇರುತ್ತದೆ, ಜೋಳದಲ್ಲಿ ಅದು ಇಲ್ಲ. ನಾಲ್ಕಿಂಗಾಲದ ಆಮ್ಲವನ್ನು ಒಡೆಯಲು ಎರಡೂ ಬಳಸುವ ಕಿಣ್ವಗಳೂ ಬೇರೆ. ಹೊರಗಿಂದ ಎರಡೂ ಸಿ4, ಒಳಗೆ ಮನೆ ಕಟ್ಟಿದ ರೀತಿಯೇ ಬೇರೆ. ವಿಕಾಸದ ಕತೆ ಶುರುವಾಗುವುದು ಇಲ್ಲಿಂದಲೇ.

ಸೂಕ್ಷ್ಮದರ್ಶಕ ಇಲ್ಲದವರಿಗೆ

ಅಯೋಡಿನ್ ಪರೀಕ್ಷೆ ಮಾಡಬಹುದು. ಮೆಕ್ಕೆಜೋಳದ ಎಲೆಯಲ್ಲಿ ಹಗಲಿಡೀ ಪಿಷ್ಟ ಸೇರುವುದು ಮುಖ್ಯವಾಗಿ ಆ ಉಂಗುರದ ಕೋಶಗಳಲ್ಲೇ. ಹಾಗಾಗಿ ಬಿಸಿಲಿದ್ದ ದಿನ ಸಾಯಂಕಾಲ ಎಲೆ ಕೀಳಿ, ಒಂದು ನಿಮಿಷ ಕುದಿನೀರಲ್ಲಿ ಅದ್ದಿ, ಆಮೇಲೆ ಒಂದು ಲೋಟದಲ್ಲಿ ಸ್ಪಿರಿಟ್ ಹಾಕಿ ಅದರಲ್ಲಿ ಮುಳುಗಿಸಿ. ಆ ಲೋಟವನ್ನು ಬಿಸಿನೀರಿನ ಪಾತ್ರೆಯಲ್ಲಿ ಇಡಿ. ಸ್ಟವ್ ಆರಿಸಿರಬೇಕು, ಹತ್ತಿರದಲ್ಲಿ ಎಲ್ಲೂ ಬೆಂಕಿ ಇರಬಾರದು, ಸ್ಪಿರಿಟ್ಟಿನ ಆವಿ ಭಗ್ ಅಂತ ಹತ್ತಿಕೊಳ್ಳುತ್ತದೆ. ಎಲೆ ಬಿಳಿಚಿದ ಮೇಲೆ ನೀರಲ್ಲಿ ತೊಳೆದು, ಮೆಡಿಕಲ್ ಶಾಪಿನ ಟಿಂಚರ್ ಅಯೋಡಿನ್ನನ್ನು ನೀರಲ್ಲಿ ತೆಳು ಮಾಡಿ ಮೇಲೆ ಹಾಕಿ. ಮೆಕ್ಕೆಜೋಳದಲ್ಲಿ ನರಗಳ ಉದ್ದಕ್ಕೂ ಕಪ್ಪು ಗೆರೆಗಳು ಎದ್ದು ಬರುತ್ತವೆ. ಗೋಧಿಯಲ್ಲಿ, ಭತ್ತದಲ್ಲಿ ಅಷ್ಟು ಚಂದದ ಗೆರೆ ಬರುವುದಿಲ್ಲ, ಅವುಗಳ ಎಲೆಯಲ್ಲಿ ಪಿಷ್ಟವೇ ಕಮ್ಮಿ. ಇದು ಕುಯ್ದು ನೋಡಿದಷ್ಟು ಖಚಿತ ಅಲ್ಲ, ಆದರೆ ತರಗತಿಯಲ್ಲಿ ತೋರಿಸಲು ಚೆನ್ನಾಗಿದೆ.

ಹೆಸರು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ

ಹುಲ್ಲಿನ ಕುಟುಂಬದಲ್ಲಿ ಹನ್ನೊಂದು ಹನ್ನೆರಡು ಸಾವಿರ ಪ್ರಭೇದಗಳಿವೆ, ಅದರಲ್ಲಿ ನೂರಕ್ಕೆ ನಲವತ್ತಕ್ಕೂ ಜಾಸ್ತಿ ಸಿ4. ವಂಶವೃಕ್ಷದಲ್ಲಿ ಹೆಚ್ಚುಕಮ್ಮಿ ಎಲ್ಲ ಹುಲ್ಲುಗಳೂ ಎರಡು ದೊಡ್ಡ ಕೊಂಬೆಗಳಲ್ಲಿ ಬರುತ್ತವೆ. ಬಿಒಪಿ ಅನ್ನುವ ಕೊಂಬೆಯಲ್ಲಿ ಬಿದಿರು, ಭತ್ತ, ಗೋಧಿ, ಬಾರ್ಲಿ, ಓಟ್ಸ್. ಇಡೀ ಕೊಂಬೆ ಸಿ3, ಅಲ್ಲಿ ಒಂದೇ ಒಂದು ಸಿ4 ಇಲ್ಲ. ಇನ್ನೊಂದು ಪ್ಯಾಕ್‌ಮ್ಯಾಡ್. ಸಿ4 ಹುಲ್ಲುಗಳೆಲ್ಲ ಇದರಲ್ಲೇ. ಹಾಗಂತ ಈ ಕೊಂಬೆಯಲ್ಲಿರುವುದೆಲ್ಲ ಸಿ4 ಅಂದುಕೊಳ್ಳಬೇಡಿ. ಮರದ ನೆರಳಲ್ಲಿ ನೆಲಕ್ಕೆ ಹರಡುವ, ಅಲೆಅಲೆಯಾದ ಅಗಲ ಎಲೆಯ ಒಪ್ಲಿಸ್ಮೆನಸ್ ಹುಲ್ಲು ಇದೇ ಕೊಂಬೆಯದು, ಆದರೆ ಸಿ3. ಊದಲು ಅದರ ಹತ್ತಿರದ ನೆಂಟ, ಅದು ಸಿ4.

ಸಿ4 ಹುಲ್ಲುಗಳಲ್ಲಿ ಒಂದು ಸಲ ಹುಟ್ಟಿ ಹರಡಿದ್ದಲ್ಲ. ಹುಲ್ಲುಗಳಲ್ಲೇ ಬೇರೆ ಬೇರೆಯಾಗಿ 22ರಿಂದ 24 ಸಲ ಹುಟ್ಟಿದೆ ಅಂತ 2012ರಲ್ಲಿ ಪ್ರಕಟವಾದ ಹುಲ್ಲುಗಳ ದೊಡ್ಡ ವಂಶವೃಕ್ಷದ ಲೆಕ್ಕ. ಇದನ್ನು ಮನೆಯ ಧಾನ್ಯದ ಡಬ್ಬಗಳಲ್ಲೇ ನೋಡಬಹುದು. ರಾಗಿ ಒಂದು ಹುಟ್ಟು. ಗರಿಕೆ, ದರ್ಭೆಗಳೂ ಅದರ ಜತೆಯವು. ಬಿಳಿಜೋಳ, ಮೆಕ್ಕೆಜೋಳ, ಕಬ್ಬು, ಲಾವಂಚ, ಮಜ್ಜಿಗೆಹುಲ್ಲು ಇನ್ನೊಂದು ಹುಟ್ಟು. ನವಣೆ, ಸಜ್ಜೆ, ಸಾಮೆ, ಬರಗು, ಕೊರಲೆ ಮೂರನೆಯದು. ಹಾರಕ ನಾಲ್ಕನೆಯದು, ಊದಲು ಐದನೆಯದು. ಸಿರಿಧಾನ್ಯ ಅಂತ ಒಂದೇ ಪ್ಯಾಕೆಟ್ಟಿಗೆ ಹಾಕಿ ಮಾರುವ ಕಾಳುಗಳು ಒಂದೇ ಉಪಾಯವನ್ನು ಐದು ಸಲ ಸ್ವಂತವಾಗಿ ಕಂಡುಕೊಂಡವು ಅಂದರೆ ನನಗೆ ಈಗಲೂ ಸೋಜಿಗ. ನವಣೆಯ ಗುಂಪಲ್ಲಂತೂ ಹುಟ್ಟು ಒಂದೇ ಆದರೂ ಆಮ್ಲ ಒಡೆಯುವ ಕಿಣ್ವದಲ್ಲಿ ಮೂರು ದಾರಿ ಆಗಿದೆ: ನವಣೆ ಸಜ್ಜೆಯದು ಜೋಳದ ಥರ, ಬರಗಿನದು ರಾಗಿಯ ಥರ, ಕೊರಲೆ ಮತ್ತು ಗಿನಿ ಹುಲ್ಲಿನದು ಮೂರನೆಯ ಥರ.

ಅದೇ ಉಪಾಯ ಅಷ್ಟು ಸಲ ಹೇಗೆ ಬಂತು

ಎಲ್ಲ ಸಾಮಾನೂ ಮೊದಲೇ ಎಲೆಯೊಳಗೆ ಇತ್ತು, ಅದಕ್ಕೆ. ಪೆಪ್ ಕಾರ್ಬಾಕ್ಸಿಲೇಸ್ ಭತ್ತದಲ್ಲೂ ಇದೆ, ಬೇರೆ ಕೆಲಸಕ್ಕೆ. ಉಂಗುರದ ಕೋಶಗಳೂ ಇವೆ. ಪ್ಯಾಕ್‌ಮ್ಯಾಡ್ ಕೊಂಬೆಯ ಹಳಬರಲ್ಲಿ ಆ ಉಂಗುರದ ಕೋಶಗಳು ಸ್ವಲ್ಪ ದೊಡ್ಡವಿದ್ದವು, ಅದರ ಮೇಲೆ ನರಗಳು ಹತ್ತಿರ ಬಂದಲ್ಲೆಲ್ಲ ಸಿ4ಗೆ ದಾರಿ ಸುಲಭವಾಯಿತು ಅಂತ ಪಾಸ್ಕಲ್-ಆಂಟ್ವಾನ್ ಕ್ರಿಸ್ಟಿನ್ ಮತ್ತು ಜತೆಗಾರರು 2013ರಲ್ಲಿ ತೋರಿಸಿದರು. ಬಿದಿರು, ಭತ್ತ, ಗೋಧಿಯ ಕೊಂಬೆಗೆ ಆ ಅಡಿಪಾಯ ಸಿಗಲಿಲ್ಲ.

ಮೆಟ್ಟಿಲುಗಳನ್ನು ಹೀಗೆ ಓದಿ. ಮೊದಲು ಉಂಗುರದ ಕೋಶ ಹಿಗ್ಗಿ, ಅದರಲ್ಲಿ ಕ್ಲೋರೋಪ್ಲಾಸ್ಟು ಜಾಸ್ತಿಯಾಗುತ್ತದೆ. ಆಮೇಲೆ ಫೋಟೋರೆಸ್ಪಿರೇಶನ್ನಿನಲ್ಲಿ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುವ ಹಂತಕ್ಕೆ ಬೇಕಾದ ಒಂದು ಕಿಣ್ವ ಹೊರಗಿನ ಕೋಶಗಳಿಂದ ಮಾಯವಾಗಿ ಉಂಗುರದಲ್ಲಿ ಮಾತ್ರ ಉಳಿಯುತ್ತದೆ. ಆಗ ಸೋರುವ ಇಂಗಾಲವೆಲ್ಲ ಉಂಗುರದ ಒಳಗೇ ಬಿಡುಗಡೆಯಾಗುತ್ತದೆ, ಅಲ್ಲಿರುವ ರೂಬಿಸ್ಕೋ ಅದನ್ನು ಮತ್ತೆ ಹಿಡಿಯುತ್ತದೆ. ಅಮೆರಿಕ ಖಂಡದ ಸ್ಟೈನ್‌ಕಿಸ್ಮಾ ಹಯಾನ್ಸ್ ಅನ್ನುವ ಹುಲ್ಲು ಇವತ್ತಿಗೂ ಇದೇ ಮೆಟ್ಟಿಲಲ್ಲಿ ನಿಂತಿದೆ, ಅದರ ಪಾಡಿಗೆ ಚೆನ್ನಾಗಿಯೇ ಇದೆ. ಅದಾದ ಮೇಲೆ ಪೆಪ್ ಕಿಣ್ವ ಹೊರಗೆ ಜಾಸ್ತಿಯಾಗುವುದು, ಕೊನೆಗೆ ಹೊರಗಿನ ಕೋಶಗಳಿಂದ ರೂಬಿಸ್ಕೋ ಹೋಗಿಬಿಡುವುದು. ಪ್ರತಿ ಮೆಟ್ಟಿಲಲ್ಲೂ ಗಿಡಕ್ಕೆ ಒಂದಿಷ್ಟು ಲಾಭ ಇದೆ, ಯಾವುದೂ ಮುಂದಿನದಕ್ಕೆ ಕಾದು ಕೂತ ಅರೆಬರೆ ಕೆಲಸವಲ್ಲ. ಇದು ಅರ್ಥವಾಗದೆ ಇದ್ದರೆ ಸಿ4 ವಿಕಾಸ ಪವಾಡದ ಥರ ಕಾಣುತ್ತದೆ.

ಎಲ್ಲ ಮೆಟ್ಟಿಲೂ ಒಂದೇ ಜಾಗದಲ್ಲಿ ಬೇಕು ಅಂದರೆ ಆಲೋಟೆರಾಪ್ಸಿಸ್ ಸೆಮಿಯಲಾಟಾ ಅನ್ನುವ ಹುಲ್ಲಿನ ಬಗ್ಗೆ ಓದಿ. ಒಂದೇ ಪ್ರಭೇದ. ಆಫ್ರಿಕಾದಲ್ಲಿ ಅದರ ಕೆಲವು ಬುಡಗಳು ಸಿ3, ಕೆಲವು ನಡುವಿನವು, ಕೆಲವು ಸಿ4. ಏಷ್ಯಾ, ಆಸ್ಟ್ರೇಲಿಯಾದಲ್ಲಿ ಇರುವುದು ಸಿ4. ಇದರ ಸಿ4 ಗಿಡಗಳು ಬಳಸುವ ಕೆಲವು ಜೀನ್‌ಗಳು ದೂರದ ಬೇರೆ ಸಿ4 ಹುಲ್ಲುಗಳಿಂದ ಬಂದವು, ಅಪ್ಪ ಅಮ್ಮನಿಂದ ಅಲ್ಲ. ಹೌದು, ಹುಲ್ಲಿಂದ ಹುಲ್ಲಿಗೆ ಜೀನ್ ಕಡ!

ಇದೆಲ್ಲ ಯಾವಾಗ

ಇಲ್ಲಿ ಎಲೆ ಕುಯ್ದರೆ ಸಾಲದು, ಮಣ್ಣಿಗೆ ಹೋಗಬೇಕು. ಇಂಗಾಲದಲ್ಲಿ 12 ಮತ್ತು 13 ಅಂತ ಎರಡು ತೂಕದವು ಇವೆ. ರೂಬಿಸ್ಕೋ ಹಗುರವಾದದ್ದನ್ನು ಹೆಕ್ಕಿಕೊಳ್ಳುತ್ತದೆ, ಸಿ4 ದಾರಿಯಲ್ಲಿ ಆ ಹೆಕ್ಕುವಿಕೆ ಅಷ್ಟಾಗಿ ಉಳಿಯುವುದಿಲ್ಲ. ಗೊತ್ತುಮಾಡಿದ ಒಂದು ಮಾದರಿಗಿಂತ 13ರ ಪಾಲು ಎಷ್ಟು ಕಮ್ಮಿ ಅನ್ನುವ ಅಳತೆಯಲ್ಲಿ ಸಿ3 ಗಿಡಗಳು ಸಾವಿರಕ್ಕೆ ಮೈನಸ್ 27ರ ಆಸುಪಾಸು, ಸಿ4 ಮೈನಸ್ 12, 13ರ ಆಸುಪಾಸು. ಎರಡೂ ಒಂದಕ್ಕೊಂದು ತಾಗುವುದೇ ಇಲ್ಲ. ಆ ಹುಲ್ಲು ತಿಂದ ಪ್ರಾಣಿಯ ಹಲ್ಲಲ್ಲೂ, ಅದು ಬೆಳೆದ ಮಣ್ಣಿನ ಸುಣ್ಣದ ಗಂಟುಗಳಲ್ಲೂ ಈ ಗುರುತು ಉಳಿಯುತ್ತದೆ. ಜೇನುತುಪ್ಪಕ್ಕೆ ಕಬ್ಬಿನ ಪಾಕ ಬೆರೆಸಿದ್ದನ್ನು ಲ್ಯಾಬಿನಲ್ಲಿ ಹಿಡಿಯುವುದೂ ಇದರಿಂದಲೇ; ಅಕ್ಕಿಯ ಪಾಕ ಬೆರೆಸಿದರೆ ಮಾತ್ರ ಈ ಪರೀಕ್ಷೆಗೆ ಸಿಗುವುದಿಲ್ಲ, ಭತ್ತ ಸಿ3 ಅಲ್ವಾ.

ಸುಮಾರು 3.4 ಕೋಟಿ ವರ್ಷಗಳ ಹಿಂದೆ ಅಂಟಾರ್ಕ್ಟಿಕಾದಲ್ಲಿ ಹಿಮದ ಹೊದಿಕೆ ಕೂರತೊಡಗಿತು, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯಿತು. ಹುಲ್ಲುಗಳಲ್ಲಿ ಮೊದಲ ಸಿ4 ಹುಟ್ಟಿದ್ದು ಅದರ ಆಚೀಚೆ, ಸುಮಾರು ಮೂರು ಕೋಟಿ ವರ್ಷಗಳ ಹಿಂದೆ, ರಾಗಿ ಗರಿಕೆಗಳ ವಂಶದಲ್ಲಿ. ಆದರೆ ಸಿ4 ಹುಲ್ಲುಗಾವಲುಗಳು ಜಗತ್ತಿನ ಬಿಸಿ ನಾಡುಗಳನ್ನೆಲ್ಲ ಆವರಿಸಿದ್ದು ತೀರಾ ಈಚೆಗೆ, 80 ಲಕ್ಷದಿಂದ 30 ಲಕ್ಷ ವರ್ಷಗಳ ನಡುವೆ. ಪಾಕಿಸ್ತಾನದ ಶಿವಾಲಿಕ್ ಪದರಗಳ ಹಳೆಯ ಮಣ್ಣಿನ ಗಂಟುಗಳಲ್ಲಿ ಜೇ ಕ್ವೇಡ್, ಥುರೆ ಸರ್ಲಿಂಗ್ ಮತ್ತು ಜತೆಗಾರರು 1989ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು: ಸುಮಾರು 70 ಲಕ್ಷ ವರ್ಷಗಳ ಹಿಂದೆ ಸಿ3ಯ ಗುರುತು ಸರಿದು ಸಿ4 ಬಂದಿದೆ. ಅಂದರೆ ಹುಟ್ಟಿಗೂ ಗೆಲುವಿಗೂ ನಡುವೆ ಎರಡು ಕೋಟಿ ವರ್ಷಕ್ಕೂ ಹೆಚ್ಚಿನ ಅಂತರ. ಹಾಗಾಗಿ ಇಂಗಾಲದ ಡೈಆಕ್ಸೈಡ್ ಇಳಿಯಿತು, ಸಿ4 ಗೆದ್ದಿತು ಅಂತ ಒಂದೇ ಸಾಲಲ್ಲಿ ಹೇಳುವವರನ್ನು ನಂಬಬೇಡಿ. ಒಣ ಋತು, ಕಾಡ್ಗಿಚ್ಚು, ಮೇಯುವ ಪ್ರಾಣಿಗಳು, ಮರಗಳು ಹಿಂದೆ ಸರಿದದ್ದು, ಎಲ್ಲ ಸೇರಬೇಕಾಯಿತು.

ನಮ್ಮ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ನೀಲಗಿರಿಯ ಜೌಗಿನಲ್ಲಿ ಪದರ ಪದರವಾಗಿ ಕೊಳೆತು ನಿಂತ ಪೀಟ್ ಮಣ್ಣಿನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಜತೆಗಾರರು ಇದೇ ಅಳತೆ ಮಾಡಿ 1993ರಲ್ಲಿ ಪ್ರಕಟಿಸಿದರು. ಹಿಮಯುಗ ತುಟ್ಟತುದಿ ಮುಟ್ಟಿದ್ದಾಗ ಅಲ್ಲಿ ಮಳೆ ಕಮ್ಮಿಯಾಗಿ ಸಿ4 ಹುಲ್ಲು ಹೆಚ್ಚಿತ್ತು, ಆಮೇಲೆ ಮಳೆ ಬಂದಾಗ ಸಿ3 ಗಿಡಗಳು ವಾಪಸ್ ಬಂದವು.

ಭತ್ತವನ್ನೇ ಸಿ4 ಮಾಡಿದರೆ ಅಂತ ಕೇಳುವವರು ಇದ್ದೇ ಇರುತ್ತಾರೆ. 2008ರಲ್ಲಿ ಗೇಟ್ಸ್ ಫೌಂಡೇಶನ್ ದುಡ್ಡಿನಲ್ಲಿ ಹಲವು ದೇಶಗಳ ವಿಜ್ಞಾನಿಗಳು ಅದಕ್ಕೇ ಕೈ ಹಾಕಿದರು. ಕಿಣ್ವ ಸೇರಿಸುವುದಕ್ಕಿಂತ ನರಗಳನ್ನು ಹತ್ತಿರ ತರುವುದು, ಆ ಉಂಗುರ ಕಟ್ಟಿಸುವುದು ಕಷ್ಟ. ಗದ್ದೆಗೆ ಇನ್ನೂ ಬಂದಿಲ್ಲ.

ಎಡವುವ ಜಾಗಗಳು

ಮೆಕ್ಕೆಜೋಳದ ತೆನೆಯ ಸಿಪ್ಪೆಯನ್ನು ಪರೀಕ್ಷೆಗೆ ಬಳಸಬೇಡಿ. ಅದೂ ಎಲೆಯೇ, ಆದರೆ ಅದರಲ್ಲಿ ನರಗಳು ದೂರ ದೂರ, ನರದಿಂದ ದೂರ ಇರುವ ಮೀಸೋಫಿಲ್ ಕೋಶಗಳಲ್ಲೂ ರೂಬಿಸ್ಕೋ ಇದ್ದು ಸಿ3 ಥರ ಕೆಲಸ ಮಾಡುತ್ತದೆ. ಒಂದೇ ಗಿಡದ ಎರಡು ಭಾಗದಲ್ಲಿ ಎರಡು ರೀತಿ. ಬೇಕೆಂದೇ ಎರಡನ್ನೂ ಕುಯ್ದು ಹೋಲಿಸಿದರೆ ಮಜಾ ಇದೆ.

ಬಿಸಿಲಲ್ಲಿ ಚೆನ್ನಾಗಿ ಬೆಳೆಯುತ್ತದೆ, ಹಾಗಾಗಿ ಸಿ4 ಅಂತ ಊಹೆಯ ಮೇಲೆ ಹೇಳಬೇಡಿ. ಬಿದಿರು ಬೆಳೆಯುವ ವೇಗ ನೋಡಿದರೆ ಯಾರಾದರೂ ಸಿ4 ಅಂದುಬಿಡುತ್ತಾರೆ, ಅದು ಅಪ್ಪಟ ಸಿ3. ಸಿ4 ಎಲ್ಲ ಕಡೆ ಮೇಲು ಅನ್ನುವುದೂ ಸರಿಯಲ್ಲ. ಚಳಿಯಲ್ಲಿ, ನೆರಳಲ್ಲಿ ಆ ಹೆಚ್ಚುವರಿ ಖರ್ಚು ಗಿಟ್ಟುವುದಿಲ್ಲ.

ಹೊಲದ ಕೊನ್ನಾರಿ ಗಡ್ಡೆ ಕಿತ್ತು ತಂದಿದ್ದರೆ ಕಾಂಡವನ್ನು ಬೆರಳಲ್ಲಿ ಹೊರಳಿಸಿ ನೋಡಿ, ಮೂರು ಮೂಲೆ ಸಿಗುತ್ತದೆ. ಅದು ಹುಲ್ಲೇ ಅಲ್ಲ, ಜೇಕಿನ ಕುಟುಂಬದ್ದು. ಕುಯ್ದರೆ ಉಂಗುರ ಕಾಣುತ್ತದೆ, ಅದೂ ಸಿ4, ಆದರೆ ಆ ಕುಟುಂಬ ಸ್ವಂತವಾಗಿ ಕಂಡುಕೊಂಡದ್ದು. ದಂಟಿನ ಸೊಪ್ಪೂ ಸಿ4. ಅದರ ಎಲೆಯಲ್ಲಿ ನರಗಳು ಬಲೆಯ ಥರ ಹರಡಿರುವುದರಿಂದ ಎಷ್ಟು ನೆಟ್ಟಗೆ ಕುಯ್ದರೂ ಕೆಲವು ನರ ಓರೆಯಾಗೇ ಸಿಗುತ್ತವೆ. ಅಲ್ಲಿ ಎರಡು ನರದ ನಡುವೆ ಕೋಶ ಎಣಿಸಲು ಹೋಗಬೇಡಿ, ಗಾಢ ಹಸಿರಿನ ಉಂಗುರ ಇದೆಯಾ ಅಂತ ಮಾತ್ರ ನೋಡಿ.